ಯಾಣದ ಕಲ್ಲು ಸುಟ್ಟಿದ್ದಲ್ಲ, ಕರಗಿದ್ದು

ಕುಮಟಾ ತಾಲ್ಲೂಕಿನ ಕಾಡಿನಲ್ಲಿ ನಡೆಯುತ್ತಿದ್ದರೆ ಮರಗಳ ಸಂದಿಯಲ್ಲಿ ದಿಢೀರನೆ ಕರೀ ಬಂಡೆಯೊಂದು ಎದ್ದು ನಿಲ್ಲುತ್ತದೆ. ಅದೇ ಯಾಣದ ಭೈರವೇಶ್ವರ ಶಿಖರ, ಸುಮಾರು 120 ಮೀಟರ್ ಎತ್ತರ. ಪಕ್ಕದ ಮೋಹಿನಿ ಶಿಖರ ಸುಮಾರು 90 ಮೀಟರ್. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅನ್ನೋ ಮಾತು ಇಲ್ಲಿಗೆ ಸರಿಯಾದ ದಾರಿಯೇ ಇಲ್ಲದ ಕಾಲದ್ದು.

ಭಸ್ಮಾಸುರನ ಕತೆ ಗೊತ್ತಲ್ವಾ? ವರ ಕೊಟ್ಟ ಶಿವನ ತಲೆ ಮೇಲೇ ಕೈಯಿಡಲು ಹೊರಟವನು, ಮೋಹಿನಿಯ ಜೊತೆ ಕುಣಿಯುತ್ತಾ ತನ್ನ ತಲೆ ಮುಟ್ಟಿಕೊಂಡು ಬೂದಿಯಾದ. ಆ ಉರಿಗೇ ಇಲ್ಲಿನ ಕಲ್ಲೂ ಮಣ್ಣೂ ಕಪ್ಪಾದವು ಅನ್ನುತ್ತಾರೆ.

ಒಂದೇ ತೊಡಕು. ಇದು ಸುಣ್ಣಕಲ್ಲು. ಸುಣ್ಣದ ಗೂಡು ನೋಡಿದವರಿಗೆ ಗೊತ್ತು, ಸುಣ್ಣಕಲ್ಲು ಚೆನ್ನಾಗಿ ಸುಟ್ಟರೆ ಬೆಳ್ಳಗಾಗುತ್ತದೆ. ಸುಮಾರು 900 ಡಿಗ್ರಿ ಕಾವಿಗೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟು, ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಬಿದ್ದರೆ ಅದು ಬಿಸಿಯೇರಿ ಪುಡಿಯಾಗುತ್ತದೆ. ಭಸ್ಮಾಸುರನ ಬೆಂಕಿ ಅಷ್ಟು ಜೋರಾಗಿದ್ದಿದ್ದರೆ ಯಾಣ ಮೊದಲ ಮುಂಗಾರಿಗೇ ಕುಸಿಯುತ್ತಿತ್ತು!

ಇದನ್ನು ಕೆತ್ತಿದ್ದು ನೀರು. ಮಳೆನೀರು ಗಾಳಿಯಿಂದಲೂ, ಅದಕ್ಕಿಂತ ಜಾಸ್ತಿ ಕಾಡಿನ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಸೋಡಾದಲ್ಲಿರುವುದೂ ಇದೇ ಆಮ್ಲ. ಸುಣ್ಣಕಲ್ಲು ಇದಕ್ಕೆ ನಿಧಾನವಾಗಿ ಕರಗುತ್ತದೆ, ಬಿರುಕು ಇದ್ದಲ್ಲಿ ಬೇಗ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಇದು. ಬಿರುಕುಗಳು ಓಣಿಗಳಾದವು, ಗುಹೆಗಳಾದವು. ನಡುವೆ ಉಳಿದದ್ದು ಚೂಪಾಗಿ ನಿಂತಿತು. ಇಂಥ ನೆಲವನ್ನು ಭೂವಿಜ್ಞಾನಿಗಳು ಕಾರ್ಸ್ಟ್ ಅನ್ನುತ್ತಾರೆ.

ಹಾಗಾದರೆ ಕಪ್ಪು? ಸುಣ್ಣಕಲ್ಲಿನಲ್ಲಿ ಇಂಗಾಲದ ಅಂಶ ಬೆರೆತಿದ್ದರೆ ಒಳಗಿನಿಂದಲೇ ಕಪ್ಪಿರುತ್ತದೆ. ತೇವದ ಕಾಡಿನಲ್ಲಿ ಪಾಚಿ, ಕಲ್ಲುಹೂವು, ಕಣ್ಣಿಗೆ ಕಾಣದ ಜೀವಿಗಳು ಅಂಟಿಕೊಂಡು ಹೊರಮೈಯನ್ನೂ ಕಪ್ಪು ಮಾಡುತ್ತವೆ.

ಆದರೂ ಕತೆ ಕಟ್ಟಿದವರು ನೀರನ್ನು ಮರೆತಿಲ್ಲ. ಭೈರವೇಶ್ವರ ಶಿಖರದ ಗುಹೆಯಲ್ಲಿ ಬಂಡೆಯಿಂದ ಜಿನುಗುವ ನೀರು ಲಿಂಗದ ಮೇಲೆ ಬೀಳುತ್ತದೆ. ಅದನ್ನು ಗಂಗೆ ಎಂದೇ ಪೂಜಿಸುತ್ತಾರೆ. ಇಲ್ಲಿನ ಚಂಡಿಕಾ ಹೊಳೆ ಮುಂದೆ ಅಘನಾಶಿನಿಯನ್ನು ಸೇರುತ್ತದೆ. ಆ ನದಿಯ ಅಳಿವೆಯಲ್ಲಿ ಜನ ಬಳಚು ಅನ್ನೋ ಚಿಪ್ಪಿನ ಜೀವಿಗಳನ್ನು ಆಯುತ್ತಾರೆ. ಬಳಚು ಚಿಪ್ಪು ಕಟ್ಟಿಕೊಳ್ಳುವುದು ನೀರಲ್ಲಿ ಕರಗಿದ ಸುಣ್ಣದಿಂದಲೇ. ಅದರಲ್ಲಿ ಯಾಣದ ಪಾಲು ಚೂರೇ ಇರಬಹುದು, ಹೆಚ್ಚಿನದು ಸಮುದ್ರದ್ದೇ.