ಪಿಸಿಸಿಎನ್ ಪರೀಕ್ಷೆ: ಒಂದು ಅಂಕಿ ಬದಲಾದರೆ ಉತ್ತರವೇ ಬೇರೆ

"ಅಕ್ಕಾ, ಪುಸ್ತಕ ಎರಡು ಸಲ ಮುಗಿಸಿದೆ. ಆದರೂ ಮಾದರಿ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ತಪ್ಪಾಗ್ತಿದೆ." ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮಾಡಿ ಅಮೆರಿಕಕ್ಕೆ ಬಂದು, ಪಿಸಿಸಿಎನ್ ಎಂಬ ನರ್ಸಿಂಗ್ ಪ್ರಮಾಣಪತ್ರದ ಪರೀಕ್ಷೆಗೆ ಓದುತ್ತಿರುವ ಹುಡುಗಿ ನೈಟ್ ಡ್ಯೂಟಿ ಮುಗಿಸಿ ಹೊರಟಾಗ ಹೇಳಿದ ಮಾತಿದು. ನಾನು ಓದುವಾಗಲೂ ಹೀಗೇ ಆಗಿತ್ತು. ನಮ್ಮ ಕಡೆಯ ಪರೀಕ್ಷೆಗಳು ಕಾರಣ, ಲಕ್ಷಣ, ಚಿಕಿತ್ಸೆ ಎಂದು ಪುಟಗಟ್ಟಲೆ ಬರೆಸುತ್ತವೆ. ಪಿಸಿಸಿಎನ್ ಕೇಳುವುದು, ಮೊದಲು ಏನು ಮಾಡುತ್ತೀರಿ ಎಂದು.

ಐಸಿಯುವಿನಲ್ಲಿ ಇರಬೇಕಾದಷ್ಟು ಗಂಭೀರವಲ್ಲದ, ಸಾಮಾನ್ಯ ವಾರ್ಡಿಗೆ ಕಳಿಸಲೂ ಧೈರ್ಯ ಸಾಲದ ರೋಗಿಗಳನ್ನು ಸ್ಟೆಪ್‌ಡೌನ್ ವಾರ್ಡಿನಲ್ಲಿ ನೋಡಿಕೊಳ್ಳುವವರ ಪರೀಕ್ಷೆ ಇದು. ಅಮೆರಿಕದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಬೇಕು. ಕಳೆದ 2 ವರ್ಷಗಳಲ್ಲಿ ಇಂಥ ರೋಗಿಗಳ ಆರೈಕೆಯಲ್ಲಿ 1,750 ಗಂಟೆ, ಅದರಲ್ಲಿ 875 ಗಂಟೆ ಕೊನೆಯ ವರ್ಷದಲ್ಲಿ ಆಗಿರಬೇಕು. (5 ವರ್ಷದ ಲೆಕ್ಕದ ಇನ್ನೊಂದು ದಾರಿಯೂ ಇದೆ.) 125 ಪ್ರಶ್ನೆ, ಎರಡೂವರೆ ಗಂಟೆ. 25 ಪ್ರಶ್ನೆಗಳಿಗೆ ಅಂಕವಿಲ್ಲ, ಆದರೆ ಅವು ಯಾವುವೆಂದು ಗೊತ್ತಾಗುವುದಿಲ್ಲ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ಆ ಹುಡುಗಿಯ ಜೊತೆ ಕೂತು ಬಿಡಿಸಿದ ಪ್ರಶ್ನೆ ಒಂದು. 74 ವರ್ಷದ ರೋಗಿ, ಹೊಸದಾಗಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಲಯ ತಪ್ಪುವುದು), ನಾಡಿ 158, ಬಿಪಿ 78/46, ಕೈಕಾಲು ತಣ್ಣಗೆ, ಮಾತು ತೊದಲು. ಅವಳು ಡಿಲ್ಟಿಯಾಜೆಮ್ ಆರಿಸಿದಳು. ನಾಡಿ ಇಳಿಸುವ ಔಷಧ ಹೌದು, ಆದರೆ ಬಿಪಿಯನ್ನು ಇನ್ನೂ ಕೆಳಗೆ ತಳ್ಳುತ್ತದೆ. ಇಲ್ಲಿ ಬೇಕಾದದ್ದು ಸಿಂಕ್ರೊನೈಸ್ಡ್ ಕಾರ್ಡಿಯೋವರ್ಷನ್, ಅಂದರೆ ಬಡಿತಕ್ಕೆ ಹೊಂದಿಸಿ ಶಾಕ್ ಕೊಟ್ಟು ಲಯ ಸರಿಪಡಿಸುವುದು. ಆಮೇಲೆ ಬಿಪಿಯನ್ನು 124/70 ಮಾಡಿ ಕೇಳಿದೆ. ಈಗ ಡಿಲ್ಟಿಯಾಜೆಮ್ ಸರಿ ಎಂದಳು. ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದಬ್ಬುವ ರಕ್ತದ ಪಾಲು) 30 ಶೇಕಡಾ, ಅಂದರೆ ಡಿಲ್ಟಿಯಾಜೆಮ್ ತಡೆಯಲಾರದಷ್ಟು ದುರ್ಬಲ ಹೃದಯ ಎಂದು ಸೇರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕೊಡಬಾರದು, ಅಮಿಯೊಡರೋನ್ ನೋಡಬೇಕು" ಎಂದಳು. ಒಂದೇ ಪ್ರಶ್ನೆಯಿಂದ ಮೂರು ಪಾಠ. ದಿನಕ್ಕೆ ನೂರು ಪ್ರಶ್ನೆಗೆ ಟಿಕ್ ಹಾಕುವುದಕ್ಕಿಂತ ಹೀಗೆ ಹತ್ತನ್ನು ತಿರುಗಿಸಿ ಮುರುಗಿಸಿ ನೋಡುವುದೇ ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಪ್ರಶ್ನೆಪತ್ರಿಕೆಯಲ್ಲಿ ಹೃದಯದ ಪಾಲು ದೊಡ್ಡದು, ಶ್ವಾಸಕೋಶಕ್ಕೂ ಒಳ್ಳೆಯ ತೂಕವಿದೆ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದ್ದ ಅಜ್ಜ ಒಬ್ಬರು ರಾತ್ರಿಯೆಲ್ಲ, ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಕಿತ್ತು ಹಾಕುತ್ತಿದ್ದರು. ಬೆಳಗಿನ ಮೂರಕ್ಕೆ ಸುಮ್ಮನಾದರು. ಪಾಪ, ನಿದ್ದೆ ಹತ್ತಿತು ಅಂದುಕೊಂಡೆ. ಉಸಿರಾಟ 32ರಿಂದ 10ಕ್ಕೆ ಇಳಿದಿತ್ತು. ಎಬಿಜಿಯಲ್ಲಿ (ರಕ್ತದ ಅನಿಲಗಳ ಪರೀಕ್ಷೆ) ಕಾರ್ಬನ್ ಡೈಆಕ್ಸೈಡ್ 88, ಇರಬೇಕಾದ್ದಕ್ಕಿಂತ ತುಂಬ ಹೆಚ್ಚು. ಅದು ನಿದ್ದೆಯಲ್ಲ, ಉಸಿರಾಡಿ ಉಸಿರಾಡಿ ಬಂದ ದಣಿವು. ವೈದ್ಯರು ಓಡಿ ಬಂದು ಉಸಿರಾಟದ ಟ್ಯೂಬ್ ಹಾಕಿದರು. ಪರೀಕ್ಷೆಯಲ್ಲಿ ‘ರೋಗಿ ಈಗ ಶಾಂತವಾಗಿದ್ದಾರೆ’ ಎಂಬ ಸಾಲು ಕಂಡಾಗಲೆಲ್ಲ ನನಗೆ ಆ ಅಜ್ಜನೇ ನೆನಪಾದರು.

ಪ್ರಶ್ನೆಗಳ ಐದರಲ್ಲಿ ಒಂದು ಪಾಲು ನೈತಿಕತೆ, ರೋಗಿಯ ಪರ ನಿಲ್ಲುವುದು ಮುಂತಾದವುಗಳ ಮೇಲೆ. ನಮ್ಮವರು ಎಡವುವುದು ಇಲ್ಲೇ. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಸಿಸ್ಟರ್" ಎಂದು ಮಗ ಕೈಮುಗಿದರೆ ಊರಲ್ಲಿ ನಾವು ತಲೆಯಾಡಿಸುತ್ತೇವೆ. ಮನೆಯವರ ಆ ಪ್ರೀತಿ ಸುಳ್ಳಲ್ಲ. ಆದರೆ ಇಲ್ಲಿ ಮಾತು ಶುರುವಾಗುವುದು ಅಪ್ಪನಿಂದ. ಕಾಯಿಲೆಯ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು, ಯಾರ ಹತ್ತಿರ ಮಾತಾಡಬೇಕು ಎಂದು ಅವರನ್ನೇ ಕೇಳಬೇಕು. ಎಲ್ಲ ಮಗನ ಹತ್ತಿರ ಹೇಳಿ ಎಂದು ಅಪ್ಪನೇ ಹೇಳಿದರೆ ಅದೂ ಅವರ ಹಕ್ಕೇ.

ಅರ್ಜಿ ಒಪ್ಪಿಗೆಯಾದ ಮೇಲೆ ಪರೀಕ್ಷೆ ಬರೆಯಲು ಸಿಗುವುದು 90 ದಿನ. ಆ ಹುಡುಗಿ ಈಗ ಡ್ಯೂಟಿ ಮುಗಿದ ಮೇಲೆ ಅಂದಂದಿನ ಒಬ್ಬ ರೋಗಿಯ ಸ್ಥಿತಿಯನ್ನು, ಹೆಸರು ಬಿಟ್ಟು, ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಕೆಳಗೆ ಒಂದು ಅಂಕಿಯನ್ನು ಬದಲಾಯಿಸಿ ಮತ್ತೆ ಬರೆಯುತ್ತಾಳೆ. ನಿನ್ನೆ ತೋರಿಸಿದ ಪುಟದಲ್ಲಿ ರಕ್ತದ ಪೊಟ್ಯಾಸಿಯಂ 3.9 ಅನ್ನು 2.9ಕ್ಕೆ ಇಳಿಸಿ (ಇದರ ಜೊತೆ ಮೆಗ್ನೀಸಿಯಂ ಕೂಡ ಇಳಿದಿರುವುದುಂಟು), ಪಕ್ಕದಲ್ಲಿ ‘ಮೆಗ್ನೀಸಿಯಂ ಎಷ್ಟಿದೆ?’ ಎಂದು ಬರೆದಿದ್ದಳು.