ನಾನು ಯಾವ ಟೈಪಿನ ಅಮ್ಮ, ಮೇಡಂ?

ಶಿರಸಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಬರುವ ಪಾಲಕರಲ್ಲಿ ಹಲವರು ಈಗ ಮೊದಲೇ ಫೋನಿನಲ್ಲಿ, 'ನೀವು ಯಾವ ಬಗೆಯ ಪಾಲಕರು' ಎಂದು ಹೇಳುವ ಒಂದು ಟೆಸ್ಟ್ ಮುಗಿಸಿ ಬರುತ್ತಾರೆ. 'ಅಥಾರಿಟೇರಿಯನ್ ಅಂತ ಬಂತು ಮೇಡಂ. ನನ್ನಿಂದಲೇ ಮಗ ಹೀಗಾದನಾ?' ಎಂದು ಕೇಳುತ್ತಾರೆ. ಅಥಾರಿಟೇರಿಯನ್ ಅಂದರೆ ತಾನು ಹೇಳಿದ್ದೇ ಕೊನೆ ಎನ್ನುವ ಪಾಲಕರು. ಕೆಲವರ ಕಣ್ಣು ತುಂಬಿರುತ್ತದೆ. ಐದು ನಿಮಿಷದ ಟೆಸ್ಟ್ ಒಬ್ಬ ತಾಯಿಯನ್ನು ಇಷ್ಟು ಕುಗ್ಗಿಸುವುದು ನನಗೆ ತುಂಬಾ ಬೇಸರದ ವಿಷಯ. ಹಾಗಾಗಿ ಈ ಸಲ ಆ ಟೆಸ್ಟ್ ಏನನ್ನು ಅಳೆಯುತ್ತದೆ ಅಂತ ನೋಡೋಣ.

ಪಾಲಕರಿಗೆ ಅಥಾರಿಟೇರಿಯನ್‌ನಂಥ ಹೆಸರುಗಳನ್ನು ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್. 1960ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಹೇಳಿದ್ದೇ ಕೊನೆ ಎನ್ನುವವರು, ಶಿಸ್ತಿನ ಜೊತೆ ಮಾತುಕತೆಗೂ ಜಾಗ ಕೊಡುವವರು, ಎಲ್ಲಕ್ಕೂ ಹೂಂ ಎನ್ನುವವರು ಎಂದು ಅವರು ಪಾಲಕರನ್ನು ಮೂರು ಬಗೆ ಮಾಡಿದರು. 1983ರಲ್ಲಿ ಮೆಕೋಬಿ ಮತ್ತು ಮಾರ್ಟಿನ್ ಇದನ್ನು ಎರಡು ಅಳತೆಗೆ ಇಳಿಸಿದರು. ಮಗುವಿನಿಂದ ಎಷ್ಟು ನಿರೀಕ್ಷಿಸುತ್ತೀರಿ, ಮಗುವಿಗೆ ಎಷ್ಟು ಸ್ಪಂದಿಸುತ್ತೀರಿ. ಎರಡೂ ಕಡಿಮೆ ಇರುವವರು ನಾಲ್ಕನೆಯ ಗುಂಪು.

ಬಾಮ್ರಿಂಡ್ ಮಕ್ಕಳನ್ನು ನರ್ಸರಿಯಲ್ಲಿ ಕೂತು ನೋಡಿದ್ದರು. ಅವರ ತಂಡ ಮನೆಗೆ ಹೋಗಿತ್ತು, ಪಾಲಕರ ಜೊತೆ ಮಾತಾಡಿತ್ತು. ಪ್ರಶ್ನಾವಳಿಗಳು ಬಂದದ್ದು ಆಮೇಲೆ. 1991ರಲ್ಲಿ ಜಾನ್ ಬುರಿ ಮಾಡಿದ 30 ಪ್ರಶ್ನೆಗಳ ಪಟ್ಟಿ ತುಂಬಾ ಬಳಕೆಯಲ್ಲಿದೆ. ಅದಕ್ಕೆ ಉತ್ತರಿಸುವವರು ಮಕ್ಕಳು, ಅದೂ ಸಾಕಷ್ಟು ದೊಡ್ಡವರಾದ ಮಕ್ಕಳು. ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ನೀವು ಫೋನಿನಲ್ಲಿ ನಿಮಗೆ ನೀವೇ ಟಿಕ್ ಹಾಕಿಕೊಳ್ಳುವುದು ಮೂರನೆಯದೇ ಒಂದು ಕೆಲಸ. ಒಂದೇ ಮನೆಯ ಬಗ್ಗೆ ಪಾಲಕರು ಕೊಡುವ ಉತ್ತರಕ್ಕೂ ಮಕ್ಕಳು ಕೊಡುವ ಉತ್ತರಕ್ಕೂ ತಾಳೆ ಎಷ್ಟೋ ಸಲ ಕಡಿಮೆಯೇ ಇರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು 'ನಮ್ಮ ಸ್ಕೇಲಿನ ಆಲ್ಫಾ 0.80ರ ಮೇಲಿದೆ, ತೊಂದರೆ ಇಲ್ಲ' ಎನ್ನುತ್ತಾರೆ. ಆಲ್ಫಾ ಎನ್ನುವ ಈ ಅಂಕಿ ಹೇಳುವುದು ಪ್ರಶ್ನೆಗಳ ಉತ್ತರ ಒಂದಕ್ಕೊಂದು ಹೊಂದುತ್ತವೆ ಅಂತ ಮಾತ್ರ. ಒಂದೇ ಪ್ರಶ್ನೆಯನ್ನು ಹತ್ತು ರೀತಿ ತಿರುಗಿಸಿ ಕೇಳಿದರೂ ಆಲ್ಫಾ ಏರುತ್ತದೆ. ಮಳೆ ಮಾಪಕವನ್ನು ಮನೆಯ ಮಾಡಿನ (ಛಾವಣಿಯ) ಅಂಚಿನಡಿ ಇಟ್ಟರೆ ಅದು ಮಳೆ ಬಂದಾಗೆಲ್ಲ ತುಂಬುತ್ತದೆ. ಪಕ್ಕದಲ್ಲಿ ಇನ್ನೊಂದಿಟ್ಟರೆ ಅದೂ ತುಂಬುತ್ತದೆ, ಲೆಕ್ಕ ಎರಡರದ್ದೂ ಹೊಂದುತ್ತದೆ. ಆದರೆ ಅದು ಮಾಡಿನ ನೀರು. ಅಳೆಯಬೇಕಾದ್ದನ್ನೇ ಅಳೆಯುತ್ತಿದ್ದೇವಾ ಎನ್ನುವ ಪ್ರಶ್ನೆಗೆ ಸಿಂಧುತ್ವ ಅಂತ ಹೆಸರು. ಆಲ್ಫಾ ಕೊಟ್ಟ ಲೀ ಕ್ರಾನ್‌ಬ್ಯಾಕ್ ಅವರೇ 1955ರಲ್ಲಿ ಪಾಲ್ ಮೀಲ್ ಜೊತೆ ಸೇರಿ ಈ ಪ್ರಶ್ನೆಯನ್ನು ಬಿಡಿಸಿ ಬರೆದರು. ಆಲ್ಫಾವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಸಿಂಧುತ್ವದ ಆ ಬರಹವನ್ನು ಓದುವವರು ಕಡಿಮೆ.

ಒಂದು ಪ್ರಶ್ನೆಯನ್ನೇ ಹತ್ತಿರದಿಂದ ನೋಡಿ. 'ನಾನು ಹೇಳಿದ ಕೂಡಲೇ ಮಗು ಎದುರು ಪ್ರಶ್ನೆ ಮಾಡದೆ ಕೇಳಬೇಕು' ಎನ್ನುವ ಅರ್ಥದ ಸಾಲು ಇಂಥ ಪಟ್ಟಿಗಳಲ್ಲಿ ಇದ್ದೇ ಇರುತ್ತದೆ. ತೋಟದ ಮನೆಯ ತಾಯಿಯೊಬ್ಬರು ಅದಕ್ಕೆ 5, ಅಂದರೆ ಪೂರ್ತಿ ಒಪ್ಪಿಗೆ, ಹಾಕಿದರು. ಯಾಕೆ ಅಂತ ಕೇಳಿದೆ. 'ಮಳೆಗಾಲದಲ್ಲಿ ಶಾಲೆಗೆ ಹೋಗಬೇಕಾದರೆ ಸಂಕ (ಹಳ್ಳದ ಕಾಲುಸೇತುವೆ) ದಾಟಬೇಕು ಮೇಡಂ. ಕೆಳಗೆ ಕೆಂಪು ನೀರು. ನಾನು ನಿಲ್ಲು ಅಂದರೆ ಮಾಣಿ (ಹುಡುಗ) ನಿಲ್ಲಬೇಕು. ಅಲ್ಲಿ ಯಾಕೆ ಏನು ಅಂತ ಚರ್ಚೆ ಮಾಡ್ಲಿಕ್ಕೆ ಆಗ್ತದಾ?' ಎಂದರು. ಮನೆಗೆ ಬಂದ ಮೇಲೆ ಅದೇ ಮಾಣಿ ಅವರ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಾನಂತೆ. ಇನ್ನೊಬ್ಬ ತಂದೆಯೂ ಅದೇ ಸಾಲಿಗೆ 5 ಹಾಕಿದ್ದರು. ಪಿಯುಸಿಯಲ್ಲಿ ಸೈನ್ಸೇ ತಗೋ ಎಂದಾಗ ಮಗಳು ಬಾಯಿ ತೆರೆಯಬಾರದು ಎನ್ನುವುದು ಅವರ ಅರ್ಥ. ಕಂಪ್ಯೂಟರಿಗೆ ಎರಡೂ ಒಂದೇ 5. ನನಗೆ ಆ ಹುಡುಗಿಯದ್ದೇ ಚಿಂತೆ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಕಾರವಾರದ ಬೈತಖೋಲದಂಥ ಬಂದರುಗಳಿಂದ ಆಳಸಮುದ್ರಕ್ಕೆ ಹೋಗುವ ಅಪ್ಪಂದಿರು ಸೀಸನ್ನಿನಲ್ಲಿ ದಿನಗಟ್ಟಲೆ ಮನೆಯಲ್ಲಿರುವುದಿಲ್ಲ. ಮಗು ಬೆಳೆಯುವುದು ಅಮ್ಮ, ಅಜ್ಜಿಯ ಕೈಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಅದೇ ಅಪ್ಪ ಇಡೀ ದಿನ ಮನೆಯಲ್ಲಿ. ಹೋಮ್‌ವರ್ಕ್, ಮೊಬೈಲ್, ಸ್ನೇಹಿತರು, ಎಲ್ಲದರ ಮೇಲೂ ಕಣ್ಣು. ಜನವರಿಯಲ್ಲಿ ಕೇಳಿದರೆ 'ಅಪ್ಪ ಏನೂ ಹೇಳುವುದಿಲ್ಲ' ಎನ್ನುವ ಹುಡುಗ ಜುಲೈನಲ್ಲಿ 'ಅಪ್ಪ ತುಂಬಾ ಸ್ಟ್ರಿಕ್ಟ್' ಎನ್ನುತ್ತಾನೆ. ಎರಡೂ ನಿಜವೇ. ಇನ್ನು ದಿನವಿಡೀ ಮಗುವನ್ನು ತಿದ್ದುವ ಅಜ್ಜಿಗೆ ಆ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ಇದು ನಮ್ಮ ಊರಿನ ತಕರಾರು ಮಾತ್ರ ಅಲ್ಲ. 1994ರಲ್ಲಿ ಸಂಶೋಧಕಿ ರೂತ್ ಚಾವೊ ಅಮೆರಿಕದಲ್ಲಿರುವ ಚೀನೀ ತಾಯಂದಿರ ಬಗ್ಗೆ ಇದೇ ವಾದ ಮಾಡಿದರು. ಅವರಿಗೆ 'ಅಥಾರಿಟೇರಿಯನ್' ಅಂಕ ಜಾಸ್ತಿ ಬರುತ್ತಿತ್ತು, ಮಕ್ಕಳು ಮಾತ್ರ ಶಾಲೆಯಲ್ಲಿ ಚೆನ್ನಾಗಿಯೇ ಇದ್ದರು. ಅವರ ಕಟ್ಟುನಿಟ್ಟಿನ ಒಳಗೆ ಕಾಳಜಿಯೂ ತರಬೇತಿಯೂ ಸೇರಿದೆ, ಬರ್ಕ್ಲಿಯ ಚೌಕಟ್ಟಿಗೆ ಅದು ಸಿಗುವುದಿಲ್ಲ ಎಂದರು ಚಾವೊ. ಹಾಗಂತ ಇದನ್ನು ಹಿಡಿದುಕೊಂಡು 'ನಮ್ಮ ಸಂಸ್ಕೃತಿಯಲ್ಲಿ ಹೊಡೆಯುವುದು ಪ್ರೀತಿ' ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಹೊಡೆತಕ್ಕೆ ಹೆದರಿ ನಿದ್ದೆ ಬಿಟ್ಟ ಮಕ್ಕಳನ್ನು ನಾನು ನೋಡುತ್ತಲೇ ಇರುತ್ತೇನೆ.

'ನನ್ನಿಂದಲೇ ಹೀಗಾದನಾ' ಎನ್ನುವವರಿಗೆ ಇನ್ನೊಂದು ಮಾತು. ಮಗುವೂ ಪಾಲಕರನ್ನು ಬದಲಿಸುತ್ತದೆ ಎಂದು 1968ರಲ್ಲೇ ಮನಶ್ಶಾಸ್ತ್ರಜ್ಞ ರಿಚರ್ಡ್ ಬೆಲ್ ಬರೆದಿದ್ದರು. ಒಂದು ಕಡೆ ನಿಲ್ಲದ, ಮಾತು ಕೇಳದ ಮಗು ಇದ್ದ ಮನೆಯಲ್ಲಿ ಗದರುವುದು ತಾನಾಗಿ ಜಾಸ್ತಿಯಾಗುತ್ತದೆ. ಯಾವುದು ಮೊದಲು ಅಂತ ಒಂದು ಅಂಕ ಹೇಳಲಾರದು.

ಪ್ರಶ್ನಾವಳಿಯನ್ನು ನಾನು ಈಗಲೂ ಬಳಸುತ್ತೇನೆ, ಮಾತು ಶುರು ಮಾಡಲಿಕ್ಕೆ. ಅಂಕ ಕೂಡಿಸುವ ಮೊದಲು 5 ಮತ್ತು 1 ಬಿದ್ದ ಸಾಲುಗಳನ್ನು ತೆಗೆದು 'ಕಳೆದ ವಾರ ಹೀಗೆ ಆದದ್ದು ಯಾವಾಗ?' ಎಂದು ಕೇಳುತ್ತೇನೆ. ಮಗುವನ್ನು ಬೇರೆಯಾಗಿ ಕೇಳುತ್ತೇನೆ. ಸಾಧ್ಯವಾದರೆ ಅಜ್ಜಿಯನ್ನೂ.

ಬಿ.ಎಡ್., ಎಂ.ಎ. ಪ್ರಾಜೆಕ್ಟಿಗೆ ಘಟ್ಟದ ಮೇಲಿನ ಮತ್ತು ಕೆಳಗಿನ ಪಾಲಕರನ್ನು ಹೋಲಿಸಲು ಹೊರಟವರಲ್ಲಿ ನನ್ನದೊಂದು ಕೋರಿಕೆ. ನೂರಾರು ಫಾರ್ಮ್ ಹಂಚುವ ಮೊದಲು ಘಟ್ಟದ ಮೇಲಿನ ಸಿದ್ದಾಪುರದ ಕಡೆಯ ಐದಾರು ಜನರನ್ನು, ಕೆಳಗೆ ಕರಾವಳಿಯ ಕುಮಟಾ ಕಡೆಯ ಐದಾರು ಜನರನ್ನು ಕೂರಿಸಿ. ಒಂದೊಂದು ಸಾಲು ಓದಿ, ಟಿಕ್ ಮಾಡುವಾಗ ಮನಸ್ಸಿನಲ್ಲಿ ಏನು ಬಂತೋ ಅದನ್ನೇ ಹೇಳಿಸಿ, ಬರೆದುಕೊಳ್ಳಿ. ಎರಡೂ ಕಡೆ ಒಂದೇ ಅರ್ಥ ಬಾರದ ಸಾಲನ್ನು ಹೊರಗಿಡಿ. ಡೇಟಾ ಬಂದ ಮೇಲೆ, ಪ್ರಶ್ನೆಗಳು ಎರಡೂ ಗುಂಪಿನಲ್ಲಿ ಒಂದೇ ರೀತಿ ಕೆಲಸ ಮಾಡಿವೆಯಾ ಅಂತ ನೋಡುವ ಪರೀಕ್ಷೆಯನ್ನು ಗೈಡ್ ಹತ್ತಿರ ಕೇಳಿ ಮಾಡಿಸಿ. ಅದು ಆಗುವವರೆಗೆ 'ಕರಾವಳಿಯ ಪಾಲಕರು ಹೆಚ್ಚು ಕಟ್ಟುನಿಟ್ಟು' ಎನ್ನುವ ವಾಕ್ಯವನ್ನು ದಯವಿಟ್ಟು ಬರೆಯಬೇಡಿ.