ಬೆರಳಿನ ಫೈಲ್, ಎದೆಯುರಿಯ ಫೈಲ್

ಮೂಡಿಗೆರೆ ಹತ್ತಿರ ಇರುವ ನಮ್ಮ ದೊಡ್ಡಮ್ಮನ ಬೀರುವಿನಲ್ಲಿ ಎರಡು ಫೈಲ್ ಇದ್ದವು. ಒಂದು ಬೆರಳಿನದು, ಇನ್ನೊಂದು ಎದೆಯುರಿಯದು. ಮಳೆಗಾಲದ ಬೆಳಗ್ಗೆ ತಣ್ಣೀರು ಮುಟ್ಟಿದರೆ ಸಾಕು, ಅವರ ಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಆಮೇಲೆ ನೀಲಿಗಟ್ಟುತ್ತಿತ್ತು. ಬಚ್ಚಲೊಲೆ ಮುಂದೆ ಕೂತು ಕೈ ಕಾಯಿಸಿದರೆ ಕೆಂಪಾಗಿ ಜುಮುಗುಟ್ಟುತ್ತಿತ್ತು. ಮಲೆನಾಡಿನ ಚಳಿ ಅಲ್ವಾ, ಯಾರಿಗಿಲ್ಲ ಅಂತ ಎಲ್ಲರೂ ಸುಮ್ಮನಾದರು. ಎದೆಯುರಿಗೆ ಗ್ಯಾಸ್ಟ್ರಿಕ್ ಮಾತ್ರೆ ಬಂತು. ಕಾಫಿ ಬಿಡಿ ಅಂದರು. ತೋಟದ ಮನೆಯಲ್ಲೇ ಹುಟ್ಟಿ ಬೆಳೆದವರು ಕಾಫಿಯನ್ನೂ ಬಿಟ್ಟರು, ಉರಿ ಮಾತ್ರ ಬಿಡಲಿಲ್ಲ. ಎರಡೂ ಒಂದೇ ಕಾಯಿಲೆ ಅಂತ ಗೊತ್ತಾಗಲು ಆರು ವರ್ಷ ಹಿಡಿಯಿತು.

ಕಾಯಿಲೆಯ ಹೆಸರು ಸಿಸ್ಟಮಿಕ್ ಸ್ಕ್ಲೀರೋಸಿಸ್. ಸ್ಕ್ಲೀರೋಡರ್ಮಾ ಅಂದರೆ ಕೆಲವರಿಗೆ ಗೊತ್ತಿರುತ್ತದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪುತ್ತದೆ, ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ಚರ್ಮದಲ್ಲೂ ಒಳಗಿನ ಅಂಗಗಳಲ್ಲೂ ನಾರಿನಂಥ ಅಂಶ ತುಂಬಿಕೊಂಡು ಗಟ್ಟಿಯಾಗುತ್ತದೆ. ಹೆಂಗಸರಲ್ಲೇ ಜಾಸ್ತಿ. ಒಳಗಿನ ಅಂಗಗಳಲ್ಲಿ ಹೆಚ್ಚು ಹೊಡೆತ ತಿನ್ನುವುದು ಅನ್ನನಾಳ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿಯವರೆಗೆ ಅದು ಕೆಡುತ್ತದೆ, ಕೆಲವರಿಗೆ ಏನೂ ಗೊತ್ತಾಗದ ಹಾಗೆ. ಹೀಗಿದ್ದೂ ಎರಡು ಫೈಲ್ ಯಾಕೆ ಆಯಿತು ಅಂತ ಹುಡುಕುತ್ತಾ ಹೋದರೆ ಕಥೆ ಬಹಳ ಹಿಂದಕ್ಕೆ ಹೋಗುತ್ತದೆ.

1753ರಲ್ಲಿ ಇಟಲಿಯ ನೇಪಲ್ಸ್‌ನ ವೈದ್ಯ ಕಾರ್ಲೋ ಕುರ್ಜಿಯೋ, ಮೈಚರ್ಮ ಮರದ ಹಾಗೆ ಗಟ್ಟಿಯಾಗಿದ್ದ 17 ವರ್ಷದ ಹುಡುಗಿಯ ಬಗ್ಗೆ ಬರೆದರು. 1862ರಲ್ಲಿ ಪ್ಯಾರಿಸ್‌ನ ಮೋರಿಸ್ ರೇನೋ ಬೆರಳು ಬೆಳ್ಳಗಾಗುವುದನ್ನು ವಿವರಿಸಿದರು. ಇದು ಒಳಗಿನ ಅಂಗಗಳ ಕಾಯಿಲೆಯೂ ಹೌದು ಅಂತ ಹೆಸರಲ್ಲೇ ಹೇಳಲು 1945 ಬರಬೇಕಾಯಿತು, ಕೇಪ್‌ಟೌನ್‌ನಲ್ಲಿದ್ದ ಗೋಯೆಟ್ಜ್ ಅದಕ್ಕೆ 'ಸಿಸ್ಟಮಿಕ್' ಅನ್ನುವ ಪದ ಸೇರಿಸಿದರು. ಹೆಚ್ಚುಕಡಿಮೆ ಇನ್ನೂರು ವರ್ಷ ಕಣ್ಣಿಗೆ ಕಂಡದ್ದು ಚರ್ಮ, ಹಾಗಾಗಿ ಹೆಸರೂ ಚರ್ಮದ್ದೇ ಆಗಿತ್ತು.

1964ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಒಂದು ಬಗೆಗೆ ಲಕ್ಷಣಗಳ ಮೊದಲಕ್ಷರ ಜೋಡಿಸಿ 'ಸಿ.ಆರ್.ಎಸ್.ಟಿ' ಅಂತ ಹೆಸರಿಟ್ಟರು. ಅದರಲ್ಲಿ ಅನ್ನನಾಳದ ಅಕ್ಷರವೇ ಇರಲಿಲ್ಲ. ಆಮೇಲೆ ಅನ್ನನಾಳದ ಇಂಗ್ಲಿಷ್ ಹೆಸರಿನ 'ಇ' ಸೇರಿ ಅದು 'ಕ್ರೆಸ್ಟ್' ಆಯಿತು. ಆದರೆ ರೋಗಿಗಳನ್ನು ವಿಂಗಡಿಸಲು 1980ರಲ್ಲಿ ಮಾಡಿದ ಮಾನದಂಡದಲ್ಲಿ ಅನ್ನನಾಳ ಇಲ್ಲ. 2013ರಲ್ಲಿ ಅದನ್ನು ಪೂರ್ತಿ ಬದಲಾಯಿಸಿದರು. ಬೆರಳು, ಉಗುರಿನ ಬುಡದ ರಕ್ತನಾಳ, ಶ್ವಾಸಕೋಶ, ರಕ್ತದಲ್ಲಿನ ಪ್ರತಿಕಾಯ ಎಲ್ಲಕ್ಕೂ ಅಂಕ ಕೊಟ್ಟರು. ಅನ್ನನಾಳಕ್ಕೆ ಅಲ್ಲೂ ಅಂಕ ಇಲ್ಲ. ಕಾರಣ ಅರ್ಥವಾಗುತ್ತದೆ. ಈ ಪಟ್ಟಿ ಮುಖ್ಯವಾಗಿ ಸಂಶೋಧನೆಗೆ ಮಾಡಿದ್ದು, ಎದೆಯುರಿ ಊರಿಗೆಲ್ಲ ಇರುವಂಥದ್ದು. ಆದರೂ ಇಷ್ಟು ಜನರನ್ನು ಕಾಡುವ ಅಂಗ ಪಟ್ಟಿಯ ಹೊರಗೇ ಉಳಿದಿದ್ದು ನನಗೆ ಇವತ್ತಿಗೂ ಬೇಸರದ ಸಂಗತಿ.

ಒಳಗೆ ಆಗುವುದಾದರೂ ಏನು? ಅನ್ನನಾಳದ ಮೇಲಿನ ಭಾಗದ ಸ್ನಾಯು ಕೈಕಾಲಿನ ಸ್ನಾಯುವಿನಂಥದ್ದು, ಅದಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ. ಕೆಳಗಿನದು ತಾನಾಗಿ ಅಲೆಯೆಬ್ಬಿಸಿ ತುತ್ತನ್ನು ತಳ್ಳುವ ನಯಸ್ನಾಯು. ಅದು ಸೊರಗುತ್ತದೆ. ಅದಕ್ಕೇ ದೊಡ್ಡಮ್ಮ ಅಕ್ಕಿರೊಟ್ಟಿ ನುಂಗಲು ಕಷ್ಟ ಅನ್ನುತ್ತಿರಲಿಲ್ಲ, "ನುಂಗಿದ್ದು ಇಲ್ಲಿ ನಿಂತುಬಿಡುತ್ತೆ" ಅಂತ ಎದೆಯ ನಡುವೆ ಬೆರಳಿಟ್ಟು ತೋರಿಸುತ್ತಿದ್ದರು. ಎರಡು ಗುಟುಕು ಬಿಸಿನೀರು ಕುಡಿದು, ಸ್ವಲ್ಪ ಹೊತ್ತು ನೆಟ್ಟಗೆ ಕೂತು ಕಾಯುತ್ತಿದ್ದರು. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಸ್ನಾಯುವಿನ ಉಂಗುರದಂಥ ಒಂದು ಬಿಗಿ ಇರುತ್ತದೆ, ಅದೂ ಸಡಿಲವಾಗುತ್ತದೆ. ಹುಳಿ ಮೇಲೆ ಬರುತ್ತದೆ. ನಮಗಾದರೆ ಬಂದ ಹುಳಿಯನ್ನು ಅನ್ನನಾಳ ಮತ್ತೆ ಕೆಳಗೆ ತಳ್ಳುತ್ತದೆ, ಅವರಿಗೆ ಆ ಶಕ್ತಿಯೂ ಇಲ್ಲ. ಹುಳಿ ಅಲ್ಲೇ ನಿಂತು ಸುಡುತ್ತದೆ. ವರ್ಷಗಟ್ಟಲೆ ಹೀಗಾದರೆ ಗಾಯ, ಗಾಯ ಮಾಗಿ ನಾಳ ಕಿರಿದಾಗುವುದು, ಕೆಲವರಲ್ಲಿ ಒಳಪದರವೇ ಬದಲಾಗಿ ಕ್ಯಾನ್ಸರ್‌ಗೆ ದಾರಿಯಾಗುವುದು, ಎಲ್ಲ ಇದೆ.

1980ರ ದಶಕದ ಕೊನೆಗೆ ಹೊಟ್ಟೆಯ ಹುಳಿ ತಗ್ಗಿಸುವ ಒಮೆಪ್ರಜೋಲ್ ಮಾತ್ರೆ ಬಂತು. ಆಮೇಲೆ ಪ್ಯಾಂಟೊಪ್ರಜೋಲ್‌ನಂಥ ಅದರ ತಮ್ಮಂದಿರು ಬಂದರು. ಅದಕ್ಕೆ ಮುಂಚೆ ನಾಳ ಕಿರಿದಾಗಿ ಮತ್ತೆ ಮತ್ತೆ ಹಿಗ್ಗಿಸಿಕೊಳ್ಳಬೇಕಾದವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಮಾತ್ರೆ ಹುಳಿಯನ್ನು ಕಡಿಮೆ ಮಾಡುತ್ತದೆ, ಸೊರಗಿದ ಸ್ನಾಯುವನ್ನು ಎಬ್ಬಿಸುವುದಿಲ್ಲ. ಗೋಜಲು ಇಲ್ಲಿಂದಲೇ ಶುರು. ಉರಿ ಕಡಿಮೆಯಾದರೆ ಕಾಯಿಲೆಯೂ ಕಡಿಮೆಯಾಯಿತು ಅಂದುಕೊಳ್ಳುತ್ತೇವೆ. ಬೆರಳಿಗೆ ಕೊಡುವ ನಿಫೆಡಿಪಿನ್ ಬೆರಳಿನ ರಕ್ತನಾಳ ಸಡಿಲಿಸುತ್ತದೆ, ಜೊತೆಗೆ ಹೊಟ್ಟೆ ಬಾಯಿಯ ಬಿಗಿಯನ್ನೂ ಸಡಿಲಿಸಿ ಎದೆಯುರಿ ಹೆಚ್ಚಿಸಬಹುದು. ಎರಡು ಫೈಲ್ ಬೇರೆ ಬೇರೆ ಮೇಜಿನ ಮೇಲಿದ್ದರೆ ಇದನ್ನು ಯಾರು ನೋಡುತ್ತಾರೆ? ಹುಳಿ ಬರದ ಹಾಗೆ ಆಪರೇಷನ್ ಮಾಡಿ ಬಿಗಿ ಮಾಡೋಣ ಅಂದರೆ, ತಳ್ಳುವ ಶಕ್ತಿಯಿಲ್ಲದ ನಾಳದಲ್ಲಿ ಊಟವೇ ಇಳಿಯದೆ ಹೋಗಬಹುದು. ಇನ್ನು ರಾತ್ರಿ ಮಲಗಿದಾಗ ಮೇಲೆ ಬಂದ ಹುಳಿ ಉಸಿರಿನ ದಾರಿಗೆ ಇಳಿದು ಶ್ವಾಸಕೋಶವನ್ನೂ ಕೆಡಿಸುತ್ತದಾ? ಶ್ವಾಸಕೋಶ ನಾರುಗಟ್ಟುವುದಕ್ಕೆ ಇದೂ ಒಂದು ಕಾರಣವಾ, ಸುಮ್ನೆ ಜೊತೆಜೊತೆಗೆ ಬರುವುದಾ ಅನ್ನುವ ಚರ್ಚೆ ಇನ್ನೂ ನಿಂತಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಮ್ಯಾನೋಮೆಟ್ರಿ ಮಾಡಿಸಿದೆವು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ನೀರು ನುಂಗಿಸಿ, ಸ್ನಾಯು ಎಷ್ಟು ಒತ್ತುತ್ತದೆ ಅಂತ ಅಳೆಯುವ ಪರೀಕ್ಷೆ. ಪರದೆಯಲ್ಲಿ ಮೇಲುಭಾಗದ ಅಲೆ ಚೆನ್ನಾಗಿತ್ತು, ಕೆಳಗಡೆ ಬರೀ ಸಪಾಟು. ಈಗ ಅವರ ಮಂಚದ ತಲೆಕಡೆಯ ಕಾಲಿಗೆ ಇಟ್ಟಿಗೆ ಇಟ್ಟಿದ್ದೇವೆ, ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಚಿಕೊಳ್ಳುತ್ತದೆ ಅಂತ. ರಾತ್ರಿ ಊಟ ಏಳಕ್ಕೇ ಮುಗಿಯುತ್ತದೆ, ಮಲಗುವುದು ಹತ್ತಕ್ಕೆ. ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮುಂಚೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ.

ಚಳಿಗೆ ಬೆರಳು ಬೆಳ್ಳಗಾದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ, ಹೆಚ್ಚಿನವರಿಗೆ ಅದು ಬರೀ ಬೆರಳಿನ ತೊಂದರೆ ಅಷ್ಟೇ. ಆದರೆ ಅದರ ಜೊತೆ ಬೆರಳು ಊದಿ ಉಂಗುರ ಬಿಗಿಯಾಗುತ್ತಿದ್ದರೆ, ತುತ್ತು ಎದೆಯಲ್ಲಿ ನಿಲ್ಲುತ್ತಿದ್ದರೆ, ಎರಡನ್ನೂ ಒಬ್ಬರೇ ವೈದ್ಯರ ಮುಂದೆ, ಒಂದೇ ಸಲ ಹೇಳಿ. ರೋಗನಿರೋಧಕ ವ್ಯವಸ್ಥೆ ನಮ್ಮ ಮೇಲೇ ತಿರುಗಿದೆಯಾ ಅಂತ ಸುಳಿವು ಕೊಡುವ ಎಎನ್‌ಎ ರಕ್ತಪರೀಕ್ಷೆ ಬೇಕಾ, ಇಂಥ ಕಾಯಿಲೆಗಳನ್ನು ನೋಡುವ ತಜ್ಞರಾದ ರುಮಟಾಲಜಿಸ್ಟ್‌ಗೆ ತೋರಿಸಬೇಕಾ ಅಂತ ನೀವೇ ಕೇಳಿ.